ಮುಂದಿನ ಶಾಫ್ಟಿಲ್ಲದ ಗಾಡಿಗೆ ಎರಡು ಕಲ್ಲು

ನಾಲ್ಕೂ ಚಕ್ರ ಎಳೆಯುವ ಲಾರಿಯ ಮುಂದಿನ ಶಾಫ್ಟುಗಳನ್ನು ಬಿಚ್ಚಿಟ್ಟು, ಬರೀ ಹಿಂದಿನ ಎರಡು ಚಕ್ರಗಳ ಬಲದ ಮೇಲೆ ಓಡಿಸಬಹುದೇ ಎಂದು ಯಾರಾದರೂ ಕೇಳಿದರೆ ಬಹುದು ಎಂದೇ ಹೇಳುತ್ತೇನೆ. ನಾವು ನಾಲ್ಕು ತಿಂಗಳು ಓಡಿಸಿದೆವು. ಗಾಡಿಗೆ ಅಂಥದ್ದೇನೂ ಆಗಲಿಲ್ಲ. ಓಡಿಸಿದ ಮನುಷ್ಯನ ಮಾನ ಹೋಯಿತು, ಅಷ್ಟೆ. ಕಳೆದವನು ನಾನು.

ಹೈದರಾಬಾದಿಗೆ ಸಾಫ್ಟ್‌ವೇರ್ ಜ್ವರ ಏರಿದ್ದ ವರ್ಷಗಳು ಅವು. ನಾನಿದ್ದ ದಿಲ್‌ಸುಖ್‌ನಗರದಲ್ಲಿ ಗೋಡೆಗಳೇ ಕಾಣಿಸುತ್ತಿರಲಿಲ್ಲ. ಮೂರು ತಿಂಗಳಲ್ಲಿ ಕಂಪ್ಯೂಟರ್ ಕಲಿಸಿ ವಿಮಾನ ಹತ್ತಿಸುತ್ತೇವೆಂಬ ಬೋರ್ಡುಗಳು ಒಂದರ ಮೇಲೊಂದು ಹತ್ತಿ ಕುಳಿತಿದ್ದವು. ನಮ್ಮ ಓಣಿಯ ಹಿಟ್ಟಿನ ಗಿರಣಿ ಕೂಡ ಕೋಚಿಂಗ್ ಸೆಂಟರ್ ಆಯಿತು. ಅಲ್ಲಿ ಕಲಿಸುವವನಿಗೆ ಕಲಿಯುವವನಿಗಿಂತ ಒಂದು ವಾರದ ಪಾಠ ಹೆಚ್ಚಿಗೆ ಬರುತ್ತಿತ್ತು, ಅದೇ ಅವನ ವಿದ್ಯೆ. ಕ್ಷೌರದಂಗಡಿಯಲ್ಲಿ ಕೂತರೂ ಅದೇ ಮಾತು, ಹಾಲಿನ ಬೂತಿನಲ್ಲಿ ನಿಂತರೂ ಅದೇ ಮಾತು. ನಟ್ಟು ಬೋಲ್ಟಿನ ಕೆಲಸ ಮಾಡುವ ನಮ್ಮಂಥವರನ್ನು ಜನ ಸತ್ತವರ ಮನೆಗೆ ಬಂದವರಂತೆ ಮಾತಾಡಿಸುತ್ತಿದ್ದರು.

ನಾನು ಹದಿನಾರು ವರ್ಷ ರಕ್ಷಣಾ ಇಲಾಖೆಯ ಒಂದು ಘಟಕದ ವಾಹನ ವರ್ಕ್‌ಶಾಪಿನಲ್ಲಿದ್ದವನು. ನನ್ನ ತಂದೆಯೂ ಅಲ್ಲಿಯೇ ದುಡಿದು ನಿವೃತ್ತರಾದವರು. ಬಾಗಲಕೋಟೆ ಕಡೆಯಿಂದ ಬಂದು ಈ ಊರಿನಲ್ಲಿ ಬೇರುಬಿಟ್ಟ ಮನೆತನ ನಮ್ಮದು. ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ವರ್ಕ್‌ಶಾಪಿನಲ್ಲಿ ಹಿಂದಿ. ಅಂಥ ಗಟ್ಟಿ ನೌಕರಿಯನ್ನು ಸ್ವಯಂ ನಿವೃತ್ತಿಯ ಅರ್ಜಿ ಬರೆದು ಬಿಟ್ಟೆ. ಯಾಕೆ ಎಂದು ಕೇಳಬೇಡಿ. ಊರಿಗೆಲ್ಲ ಜ್ವರ ಬಂದಾಗ ನನಗೊಬ್ಬನಿಗೆ ಬಾರದಿರುತ್ತದೆಯೇ? ನೆಲದೊಳಗೆ ಕೇಬಲ್ ಹಾಕುವ ಒಂದು ಖಾಸಗಿ ಕಂಪನಿ ಸೇರಿದೆ. ಬೇಗಂಪೇಟೆಯಲ್ಲಿ ಆಫೀಸು, ಕುತ್ತಿಗೆಗೆ ಪಟ್ಟಿ ಹಾಕಿ ನೇತುಬಿಟ್ಟ ಗುರುತಿನ ಚೀಟಿ, ಅದರ ಮೇಲೆ ಫ್ಲೀಟ್ ಮ್ಯಾನೇಜರ್ ಎಂಬ ಹುದ್ದೆ. ಫ್ಲೀಟ್ ಎಂದರೆ ಒಂದು ಲಾರಿ, ಎರಡು ಜೀಪು, ಕೆಮ್ಮುವ ಒಂದು ಕಂಪ್ರೆಸರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎನ್ನುತ್ತಾರಲ್ಲ, ಆ ಹೂವು ನಾನು.

ನನ್ನ ಮೇಲಿನ ಮ್ಯಾನೇಜರ್‌ಗೆ ಮೂವತ್ತು ದಾಟಿರಲಿಲ್ಲ. ವಿಜಯವಾಡದ ಕಡೆಯವನು, ದೊಡ್ಡ ಕಾಲೇಜಿನಲ್ಲಿ ಓದಿದವನು. ಗ್ರೀಸ್ ಎಂಬುದೊಂದು ದೇಶ ಎನ್ನುವಷ್ಟೇ ಅವನಿಗೆ ಗೊತ್ತಿತ್ತು. ಗಾಡಿ ಕೆಟ್ಟಿದೆ ಎಂದು ಯಾರಾದರೂ ಅವನ ಕೋಣೆಗೆ ಹೋದರೆ ಅಂಗೈ ಎತ್ತಿ ತಡೆಯುತ್ತಿದ್ದ. "ಪ್ರಾಬ್ಲೆಮ್ ಚೆಪ್ಪೊದ್ದು, ಸೊಲ್ಯೂಷನ್ ಚೆಪ್ಪಂಡಿ" ಎನ್ನುತ್ತಿದ್ದ. ತೊಂದರೆ ಹೇಳಬೇಡಿ, ಪರಿಹಾರ ಹೇಳಿ ಎಂದು ಅದರ ಅರ್ಥ. ಡಾಕ್ಟರ ಹತ್ತಿರ ಹೋದವನು ರೋಗ ಹೇಳದೆ ಬರೀ ಔಷಧದ ಹೆಸರು ಹೇಳಬೇಕು ಎಂಬಂಥ ನ್ಯಾಯ ಅದು. ಆ ಮಾತನ್ನು ಅವನು ಯಾವುದೋ ಮೂರು ದಿನದ ತರಬೇತಿಯಲ್ಲಿ ಕಲಿತು ಬಂದಿದ್ದ. ತರಬೇತಿ ನಾಲ್ಕು ದಿನದ್ದಾಗಿದ್ದರೆ ಇನ್ನೇನು ಗತಿಯೋ.

ಲಾರಿ ಮಾತ್ರ ಲಾರಿಯೇ. ಸೈನ್ಯದ ಹರಾಜಿನಲ್ಲಿ ಬಂದ ಹಳೆಯ ಗಾಡಿ. ಹಸಿರು ಬಣ್ಣದ ಮೇಲೆ ನೀಲಿ ಬಳಿದು, ಎರಡೂ ಬದಿಯಲ್ಲಿ ‘ಫೋರ್ ಬೈ ಫೋರ್’ ಎಂದು ಆಳೆತ್ತರದ ಅಕ್ಷರ ಬರೆಸಿದ್ದರು. ಮಾದಾಪುರದ ಬಂಡೆಗಳ ನಡುವೆ ಕೇಬಲ್ಲಿನ ಭಾರಿ ಉರುಳೆಗಳನ್ನು ಹೊತ್ತು ಹತ್ತುವ ಗಾಡಿ ಆ ಕಂಪನಿಯಲ್ಲಿ ಅದೊಂದೇ. ನಮಗೆ ಕೆಲಸ ಕೊಟ್ಟವರ ಕರಾರಿನಲ್ಲಿಯೂ ಅದೇ ಬರೆದಿತ್ತು: ನಾಲ್ಕೂ ಚಕ್ರ ಎಳೆಯುವ ಲಾರಿ ಒಂದು, ಯಾವಾಗಲೂ ಸುಸ್ಥಿತಿಯಲ್ಲಿರತಕ್ಕದ್ದು.

ಅದನ್ನು ಓಡಿಸುತ್ತಿದ್ದವರು ಯಾದಗಿರಿ ಕಡೆಯವರು. ವಯಸ್ಸು ಐವತ್ತರ ಮೇಲೆ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ, ಅವರು ನನ್ನನ್ನು ಸಾಹೇಬ್ರ ಎನ್ನುತ್ತಿದ್ದರು. ಕೊರಳಲ್ಲಿ ತುಳಸಿಮಾಲೆ. ಪ್ರತಿ ವರ್ಷ ಪಂಢರಪುರಕ್ಕೆ ನಡೆದು ಹೋಗುವವರು. ಮಾಲೆ ಹಾಕಿದ ಮೇಲೆ ಮಾಂಸವಿಲ್ಲ, ಹೆಂಡವಿಲ್ಲ, ಸುಳ್ಳಿಲ್ಲ ಎಂಬ ನೇಮ. ಮಲ್ಕಾಜ್‌ಗಿರಿಯ ರೈಲ್ವೆ ಕ್ವಾರ್ಟರ್ಸಿನ ಹತ್ತಿರ ಬಾಡಿಗೆ ಮನೆ. ಅಲ್ಲಿಯ ಭಜನಾ ಮಂಡಳಿಯಲ್ಲಿ ತಾಳ ಹಾಕುವುದು ಅವರ ಹಕ್ಕು. ಗುರುವಾರ ಭಜನೆಯಿದೆ ಎಂದರೆ ಬುಧವಾರದಿಂದಲೇ ಅವರ ಬೆರಳು ಸ್ಟಿಯರಿಂಗಿನ ಮೇಲೆ ತಾಳ ಕುಟ್ಟುತ್ತಿತ್ತು. ನಾನು ಅದನ್ನೂ ಆಡಿಕೊಳ್ಳುತ್ತಿದ್ದೆ. "ಕಾಕಾ, ದೇವ್ರು ಗಾಡಿ ಇಳಿಜಾರಿನ್ಯಾಗ ಹಿಡಿತಾನೇನು?" ಎಂದರೆ, "ದೇವ್ರು ಹಿಡಿತಾನ್ರಿ, ಆದ್ರ ಬ್ರೇಕ್ ನಾ ಹಿಡೀಬೇಕಲ್ರಿ" ಎನ್ನುತ್ತಿದ್ದರು.

ಒಂದು ದಿನ ಏರಿನಲ್ಲಿ ಉರುಳೆ ಎಳೆಯುವಾಗ ಮುಂದಿನ ಎಡಚಕ್ರದ ಒಳಗೆ ಟಣ್ ಎಂದಿತು. ಬಿಚ್ಚಿ ನೋಡಿದರೆ ಶಾಫ್ಟಿನ ತುದಿಯ ಜಾಯಿಂಟ್ ಎರಡು ತುಂಡು. ಚಕ್ರವನ್ನು ತಿರುಗಿಸುತ್ತಲೇ ಎಡಕ್ಕೂ ಬಲಕ್ಕೂ ಹೊರಳಲು ಬಿಡುವ ಗಂಟು ಅದು. ಹೊಸದು ಅಂಗಡಿಯಲ್ಲಿ ಇಲ್ಲ, ಗುಜರಿಯಲ್ಲಿ ಇಲ್ಲ. ಸೈನ್ಯದ ಹಳೆಯ ಸಾಮಾನು ಮಾರುವ ಉತ್ತರದ ಒಬ್ಬ ವ್ಯಾಪಾರಿ ಮುಂದಿನ ತಿಂಗಳು ಕಳಿಸುತ್ತೇನೆ ಎಂದ. ಅವನ ಮುಂದಿನ ತಿಂಗಳು ನಾಲ್ಕು ತಿಂಗಳಿಗೆ ಬಂತು.

ಮ್ಯಾನೇಜರ್‌ನ ಕೋಣೆಗೆ ಹೋದೆ. ಅಂಗೈ ಮೇಲೆದ್ದಿತು. ಸರಿ, ಪರಿಹಾರವನ್ನೇ ಹೇಳೋಣವೆಂದು, "ಗಾಡಿ ನಾಳೆ ರೆಡಿ ಸಾರ್" ಎಂದು ಹೊರಗೆ ಬಂದೆ. ಮರುದಿನ ಮುಂದಿನ ಎರಡೂ ಚಕ್ರದ ಶಾಫ್ಟುಗಳನ್ನು ಎಳೆದು ತೆಗೆದೆವು. ಗೇರ್‌ಪೆಟ್ಟಿಗೆಯಿಂದ ಮುಂದಕ್ಕೆ ಬರುವ ಉದ್ದನೆಯ ಶಾಫ್ಟನ್ನೂ ಇಳಿಸಿದೆವು. ಒಳಗಿನ ಎಣ್ಣೆ ಸೋರದಂತೆ ಎರಡು ಮರದ ಬೆಣೆ ಕೆತ್ತಿ, ಸೈಕಲ್ ಟ್ಯೂಬ್ ಸುತ್ತಿ ಬಡಿದೆ. ಚಕ್ರದ ನಡುವಿನ ತೂತಿಗೆ ತಗಡು ಕತ್ತರಿಸಿ ಮುಚ್ಚಿದೆ. ಆ ಗಾಡಿಯ ಚಕ್ರ ತನ್ನ ಬೇರಿಂಗಿನ ಮೇಲೆ ತಾನೇ ನಿಲ್ಲುವ ಜಾತಿಯದು, ಶಾಫ್ಟ್ ತೆಗೆದರೂ ಬೀಳುವುದಿಲ್ಲ. ಈಗಿನ ಎಷ್ಟೋ ಗಾಡಿಗಳಲ್ಲಿ ಶಾಫ್ಟಿನ ತುದಿಯೇ ಬೇರಿಂಗನ್ನು ಬಿಗಿಹಿಡಿದಿರುತ್ತದೆ. ಇದೇ ಜಾಣತನ ಅಲ್ಲಿ ತೋರಿಸಿದರೆ ಚಕ್ರ ನಿಮಗಿಂತ ಮೊದಲು ಮನೆ ಮುಟ್ಟುತ್ತದೆ. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದೆ ಎಂಬ ಸೊಕ್ಕೂ ಇತ್ತು.

ಲಾಗ್ ಶೀಟಿನಲ್ಲಿ ‘ಮುಂದಿನ ಆಕ್ಸಲ್: ಸರಿಯಾಗಿದೆ’ ಎಂದು ಬರೆದು ಸಹಿ ಮಾಡಿದೆ. ಗಾಡಿಯ ಅರ್ಧ ಬಲ ಗೋಣಿಚೀಲದಲ್ಲಿ ಸುತ್ತಿ ಶೆಡ್ಡಿನ ಮೂಲೆಯಲ್ಲಿ ಬಿದ್ದಿತ್ತು. ಒಮ್ಮೆ ಶೆಡ್ಡಿಗೆ ಬಂದ ಮ್ಯಾನೇಜರ್, ಬೂಟಿಗೆ ಎಣ್ಣೆ ತಾಗದಿರಲೆಂದು ಆ ಗೋಣಿಯ ಮೇಲೆಯೇ ನಿಂತು ಗಾಡಿಯನ್ನು ಹೊಗಳಿದ. ನಾಲ್ಕೂ ಚಕ್ರದ ಗಾಡಿ ಎಂದರೆ ಹೀಗಿರಬೇಕು ಎಂದ. ನಾನು ಹೂಂ ಎಂದೆ.

ಕಾಕಾ ಮಾತ್ರ ಗಾಡಿಯ ಸುತ್ತ ಎರಡು ಸುತ್ತು ಹಾಕಿ ನನ್ನ ಹತ್ತಿರ ಬಂದರು.

"ಸಾಹೇಬ್ರ, ಓಡತೈತಿ, ಅದೇನು ದೊಡ್ಡ ಮಾತಲ್ಲ. ನಿಲ್ಲಬೇಕಲ್ರಿ. ಇದರ ಹ್ಯಾಂಡ್‌ಬ್ರೇಕ್ ಗಾಲಿಗಿಲ್ಲ, ಶಾಫ್ಟಿಗೈತಿ."

ನಿಜ. ಆ ಗಾಡಿಯ ಕೈಬ್ರೇಕು ಚಕ್ರಗಳನ್ನು ಹಿಡಿಯುವುದಿಲ್ಲ, ಗೇರ್‌ಪೆಟ್ಟಿಗೆಯಿಂದ ಹೊರಡುವ ಶಾಫ್ಟನ್ನು ಹಿಡಿಯುತ್ತದೆ. ಶಾಫ್ಟು ನಿಂತರೆ ಚಕ್ರ ನಿಂತಂತೆ. ನಾಲ್ಕೂ ಚಕ್ರ ಕೂಡಿಸಿ ನಿಲ್ಲಿಸಿದರೆ ಗಾಡಿ ಬಂಡೆಯಂತೆ ನಿಲ್ಲುತ್ತಿತ್ತು. ಈಗ ಮುಂದಿನ ಶಾಫ್ಟೇ ಇಲ್ಲ, ಹಿಡಿತ ಹಿಂದಿನ ಎರಡಕ್ಕೆ ಮಾತ್ರ. ಆ ಎರಡರಲ್ಲಿ ಒಂದು ಚಕ್ರ ಜಾರುವ ನೆಲಕ್ಕೆ ಬಂತೋ, ಅದು ಒಂದು ಕಡೆ ತಿರುಗುತ್ತದೆ, ಇನ್ನೊಂದು ಇನ್ನೊಂದು ಕಡೆ ತಿರುಗುತ್ತದೆ, ಗಾಡಿ ಕೈಬ್ರೇಕು ಎಳೆದಿರುವಾಗಲೇ ಇಳಿಜಾರು ಹಿಡಿಯುತ್ತದೆ.

"ಹಂಗಾದ್ರ ಕಲ್ಲು ಇಡ್ರಿ ಕಾಕಾ" ಎಂದೆ.

"ಇಡ್ತೀನ್ರಿ. ಕಲ್ಲಿಲ್ದ ನಾ ಈ ಗಾಡಿ ಇಳಿಯಂಗಿಲ್ಲ, ಈಗ ಹೇಳೀನಿ" ಎಂದರು.

"ಮತ್ತ ಕಾಕಾ, ಶಾಫ್ಟಿನ ಮಾತು ನಮ್ಮಿಬ್ಬರಾಗ ಇರ್ಲಿ. ಹೊರಗ ಬಿದ್ರ ನನ್ನ ನೌಕರಿ ಹೋಗ್ತೈತಿ."

ಅವರು ಮಾಲೆಯನ್ನು ಒಮ್ಮೆ ಮುಟ್ಟಿಕೊಂಡರು. "ನನ್ನ ಬಾಯಾಗಿಂದ ಬರಂಗಿಲ್ರಿ" ಎಂದರು.

ಅಂದಿನಿಂದ ಸೀಟಿನ ಕೆಳಗೆ ಎರಡು ಕಲ್ಲು, ಮೂಲೆ ಕೆತ್ತಿದ ಒಳ್ಳೆಯ ಕರಿಕಲ್ಲು. ಗಾಡಿ ನಿಂತಲ್ಲೆಲ್ಲ ಮೊದಲು ಅವರು ಬಾಗಿಲು ತೆರೆದು ಕಲ್ಲು ಕೆಳಗೆ ಎಸೆಯುತ್ತಿದ್ದರು. ಕೂಲಿಯವರಲ್ಲಿ ಯಾರಾದರೂ ಅವನ್ನು ಹಿಂದಿನ ಚಕ್ರಕ್ಕೆ ಒತ್ತಿ ಇಟ್ಟ ಮೇಲೆಯೇ ಅವರ ಕಾಲು ಬ್ರೇಕಿನಿಂದ ಏಳುತ್ತಿತ್ತು. ಕಂದಕ ತೋಡುವವರೂ ರಾಯಚೂರು, ಯಾದಗಿರಿ ಕಡೆಯ ಕನ್ನಡದವರೇ. ಹೀಗಾಗಿ ಕಲ್ಲು ಎಂದರೆ ಕಲ್ಲು ಎಂದೇ ನಾಲ್ಕು ತಿಂಗಳು ನಡೆಯಿತು.

ಆಮೇಲೆ ಆ ಗಾಜಿನ ಕಟ್ಟಡದ ಕೆಲಸ ಬಂತು. ಅಲ್ಲಿ ಮೊದಲಿದ್ದದ್ದು ಬಂಡೆಗಳ ರಾಶಿ. ಯಾರೂ ಇಡದೆ ಒಂದರ ಮೇಲೊಂದು ಕೂತಿದ್ದ, ಆನೆಯಷ್ಟು ಆನೆಯಷ್ಟು ಬಂಡೆಗಳು. ಅವನ್ನೆಲ್ಲ ಮದ್ದಿಟ್ಟು ಸಿಡಿಸಿ, ಪುಡಿಯನ್ನು ಲಾರಿಗಟ್ಟಲೆ ಹೊರಗೆ ಸಾಗಿಸಿ, ಗಾಜಿನ ಗೋಡೆ ಎಬ್ಬಿಸಿದರು. ಕಟ್ಟಡ ಮುಗಿದ ಮೇಲೆ ತೋಟದ ಶೋಭೆಗೆಂದು ಬೇರೆ ಊರಿನಿಂದ ಬಿಳಿಯ ಗುಂಡುಕಲ್ಲುಗಳನ್ನು ಚೀಲದಲ್ಲಿ ತರಿಸಿ ಸುರಿದರು. ತಾಂಬೂಲದ ಅಡಿಕೆಯಷ್ಟಷ್ಟೇ ಕಲ್ಲು. ಒಂದೇ ಒಂದು ಹಳೆಯ ಬಂಡೆಯನ್ನು ಇಳಿಜಾರಿನ ತಳದಲ್ಲಿ ಉಳಿಸಿ, ಅದರ ಸುತ್ತ ಹೂಗಿಡ ನೆಟ್ಟಿದ್ದರು. ಕೊಂದವನೇ ಫೋಟೋಗೆ ಹಾರ ಹಾಕಿದಂತೆ.

ಕೇಬಲ್ ಹಾಕಿ ಮುಗಿದ ದಿನ ಹೊರದೇಶದ ಅತಿಥಿಗಳು ಬರುವವರಿದ್ದರು. ನಮ್ಮ ಮ್ಯಾನೇಜರ್‌ಗೆ ಅವರೆದುರು ಗಾಡಿ ತೋರಿಸುವ ಹುರುಪು. ಕಟ್ಟಡದ ಮುಂದಿನ ಹಾಸುಗಲ್ಲಿನ ಏರಿನ ಮೇಲೆ, ಉರುಳೆ ಹೇರಿದ ಲಾರಿಯನ್ನು ಮೂತಿ ಮೇಲೆ ಮಾಡಿ ನಿಲ್ಲಿಸಬೇಕು, ಪಕ್ಕದಲ್ಲಿ ಡ್ರೈವರ್ ಹೊಸ ಸಮವಸ್ತ್ರದಲ್ಲಿ ನಿಲ್ಲಬೇಕು, ಫೋಟೋ ತೆಗೆಯಬೇಕು. ಏರಿನ ತಳದಲ್ಲಿ ಶಾಮಿಯಾನ, ಕುರ್ಚಿಗಳು, ತಿಂಡಿಯ ಮೇಜು. ಯಾವ ಇಳಿಜಾರಿನ ಕೆಳಗೆ ಜನ ಕೂರಿಸಬಾರದೋ ಅಲ್ಲಿಯೇ ಸರಿಯಾಗಿ ಕೂರಿಸಿದ್ದರು. ನಾನು ಅದನ್ನು ನೋಡಿದೆ, ನೋಡಿಯೂ ಸುಮ್ಮನಿದ್ದೆ. ಕಾಕಾ ಇದ್ದಾರಲ್ಲ, ಕಲ್ಲು ಇವೆಯಲ್ಲ ಎಂದುಕೊಂಡೆ.

ಕಲ್ಲು ಇರಲಿಲ್ಲ. ಗೇಟಿನಲ್ಲಿ ಗಾಡಿ ತಪಾಸಣೆ ಮಾಡಿದ ಸೆಕ್ಯೂರಿಟಿಯವರು ಸೀಟಿನ ಕೆಳಗಿನ ಎರಡೂ ಕಲ್ಲುಗಳನ್ನು ತೆಗೆದು ಹೊರಗೆ ಎಸೆದಿದ್ದರು. ಒಳಗೆ ಕಟ್ಟಡದ ಕಸ ತರುವ ಹಾಗಿಲ್ಲ ಎಂಬ ಹೊಸ ನಿಯಮವಂತೆ. ಕೇಬಲ್ ಕೆಲಸ ಮುಗಿದಿದ್ದರಿಂದ ನಮ್ಮ ಕೂಲಿಯವರೂ ಅಂದು ಇರಲಿಲ್ಲ. ಕಾಕಾ ಗಾಡಿಯನ್ನು ಏರಿನ ಮೇಲೆ ತಂದು ನಿಲ್ಲಿಸಿ, ಕೈಬ್ರೇಕು ಎಳೆದು, ಬ್ರೇಕಿನ ಮೇಲೆ ಕಾಲಿಟ್ಟು ಕೂತೇಬಿಟ್ಟರು. ಅರ್ಧ ಗಂಟೆ ಹಾಗೆಯೇ ಕೂತಿದ್ದರು. ಒಂದು ಹಿಂದಿನ ಚಕ್ರ ಹಾಸುಗಲ್ಲಿನ ಮೇಲೆ, ಇನ್ನೊಂದು ಆಗತಾನೇ ನೀರು ಚಿಮುಕಿಸಿದ್ದ ಹುಲ್ಲಿನ ಅಂಚಿನ ಮೇಲೆ.

ಮ್ಯಾನೇಜರ್ ಬಂದು ಇಳಿಯಲು ಕೈಸನ್ನೆ ಮಾಡಿದ. ಕಾಕಾ ಇಳಿಯಲಿಲ್ಲ. ಮತ್ತೆ ಮಾಡಿದ. ಕಾಕಾ ಕಿಟಕಿಯಿಂದ ತಲೆ ಹೊರಗೆ ಹಾಕಿ ನನ್ನತ್ತ ನೋಡಿ ಕೂಗಿದರು.

"ಸಾಹೇಬ್ರ, ಕಲ್ಲು ತರಿಸ್ರಿ! ಕಲ್ಲಿಲ್ದ ನಾ ಇಳಿಯಂಗಿಲ್ಲ. ಎರಡು ಕಲ್ಲು ಬೇಕೇ ಬೇಕು. ಮುಂಜಾನಿಂದ ಕಲ್ಲು ಕಲ್ಲು ಅಂತ ಬಡಕೊಳ್ಳಾಕತ್ತೀನಿ, ಯಾರೂ ಕೇಳವಲ್ರು!"

ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಕಲ್ಲು ಎಂದರೆ ಕಲ್ಲು. ತೆಲುಗಿನಲ್ಲಿ ಕಲ್ಲು ಎಂದರೆ ಹೆಂಡ, ಈಚಲು ಮರದಿಂದ ಇಳಿಸುವ ಹೆಂಡ. ನಮ್ಮ ಕಲ್ಲಿಗೆ ಅವರು ರಾಯಿ ಎನ್ನುತ್ತಾರೆ. ಹೈದರಾಬಾದಿನ ಕನ್ನಡದ ಮನೆಗಳಲ್ಲಿ ಇದು ಹಳೆಯ ನಗೆಚಾಟಿಕೆ. ಹೊಸದಾಗಿ ಬಂದ ನೆಂಟರಿಗೆ ಮೊದಲ ದಿನವೇ ಹೇಳಿ ನಗುತ್ತೇವೆ. ಕಾಕಾಗೆ ತೆಲುಗು ಚೆನ್ನಾಗಿಯೇ ಬರುತ್ತಿತ್ತು. ಆದರೆ ಅವರು ಕೂಗಿದ್ದು ನನ್ನನ್ನು, ಗಾಬರಿಯಲ್ಲಿ, ತಮ್ಮ ಭಾಷೆಯಲ್ಲಿ. ‘ಬೇಕು’ ಎಂಬುದು ಈ ಊರಿನಲ್ಲಿ ಎಲ್ಲರಿಗೂ ಗೊತ್ತಿರುವ ಕನ್ನಡ.

ಮ್ಯಾನೇಜರ್‌ನ ಮುಖ ಕೆಂಪಾಯಿತು. "ಏಂಟಿ, ಕಲ್ಲಾ? ಪೊದ್ದುನ್ನೇ ಕಲ್ಲಾ?" ಎಂದ. ಬೆಳಗ್ಗೆಯೇ ಹೆಂಡವೇ ಎಂದು. ನಾನು ಬಾಯಿ ತೆರೆಯುವಷ್ಟರಲ್ಲಿ ಸೆಕ್ಯೂರಿಟಿಯ ಇಬ್ಬರನ್ನು ಕರೆದು ಬಾಗಿಲು ತೆಗೆಸಿದ. ಅವರು ಕಾಕಾನ ರಟ್ಟೆ ಹಿಡಿದು ಎಳೆದರು. ಕಾಕಾ ಸ್ಟಿಯರಿಂಗ್ ಹಿಡಿದುಕೊಂಡು ಬೇಡ ಬೇಡ ಎನ್ನುತ್ತಲೇ ಇದ್ದರು. ಕೊನೆಗೆ ಕೈ ಬಿಟ್ಟರು.

ಗಾಡಿ ಒಂದು ಕ್ಷಣ ನಿಂತಿತ್ತು. ಆಮೇಲೆ ಹುಲ್ಲಿನ ಮೇಲಿನ ಚಕ್ರ ತಾನಾಗಿ ಮುಂದಕ್ಕೆ ತಿರುಗತೊಡಗಿತು, ಹಾಸುಗಲ್ಲಿನ ಮೇಲಿನದು ಹಿಂದಕ್ಕೆ. ಫೋರ್ ಬೈ ಫೋರ್ ಎಂಬ ಆಳೆತ್ತರದ ಅಕ್ಷರಗಳು ನನ್ನ ಕಣ್ಣೆದುರು ಮೆಲ್ಲನೆ ಹಿಂದೆ ಸರಿದವು. ಅತಿಥಿಗಳು ಇನ್ನೂ ಬಂದಿರಲಿಲ್ಲ, ನಮ್ಮ ಪುಣ್ಯ. ತಿಂಡಿ ಜೋಡಿಸುತ್ತಿದ್ದ ಇಬ್ಬರು ಹೆಂಗಸರು ಕಾಕಾನ ಕೂಗು ಕೇಳಿ ಓಡಿದರು. ಗಾಡಿ ಶಾಮಿಯಾನದ ಕಂಬ ಮುರಿದು, ಸಮೋಸದ ಮೇಜನ್ನು ತುಳಿದು, ಸ್ವಾಗತದ ಕಮಾನನ್ನು ಹಾರದಂತೆ ಕೊರಳಿಗೆ ಹಾಕಿಕೊಂಡು, ಹೂಗಿಡದ ನಡುವಿನ ಆ ಹಳೆಯ ಬಂಡೆಗೆ ಹಿಂಭಾಗ ಕೊಟ್ಟು ನಿಂತಿತು. ಅಂತೂ ಗಾಡಿಗೆ ಕಲ್ಲು ಸಿಕ್ಕಿತು.

ನಗು ಬರುವ ಹೊತ್ತಲ್ಲ, ಆದರೂ ನನಗೆ ಒಳಗೊಳಗೆ ನಗು ಬಂತು ಎಂಬುದನ್ನು ಒಪ್ಪಿಕೊಳ್ಳುತ್ತೇನೆ. ಸಮೋಸ ತುಳಿದ ಗಾಡಿ, ಬಾಯಿ ತೆರೆದು ನಿಂತ ಮ್ಯಾನೇಜರ್, ಕೈಯಲ್ಲಿ ಕ್ಯಾಮೆರಾ ಹಿಡಿದು ಏನು ಮಾಡಬೇಕೆಂದು ತಿಳಿಯದ ಫೋಟೋದವನು. ಕಾಕಾ ಮಾತ್ರ ಹುಲ್ಲಿನ ಮೇಲೆ ಕೂತು, ಮೊಣಕಾಲು ತರಚಿದ್ದನ್ನೂ ನೋಡದೆ, ಆ ಇಬ್ಬರು ಹೆಂಗಸರು ಎಲ್ಲಿದ್ದಾರೆಂದು ಹುಡುಕುತ್ತಿದ್ದರು.

ಮ್ಯಾನೇಜರ್ ಓಡಿಬಂದು ಅವರ ಎದುರು ನಿಂತ. ಕುಡುಕ ಎಂದ, ಇನ್ನೂ ಏನೇನೋ ಎಂದ. ಒಬ್ಬ ಮನುಷ್ಯನನ್ನು ಕುಡುಕ ಎನ್ನುವ ಮೊದಲು ಹತ್ತಿರ ಹೋಗಿ ಬಾಯಿ ಮೂಸಿ ನೋಡುವುದು ಸಾಮಾನ್ಯ ಪೊಲೀಸನಿಗೂ ಗೊತ್ತಿರುವ ಮರ್ಯಾದೆ. ಇವನಿಗೆ ಅಷ್ಟು ಬಾಗಲೂ ಬೇಸರ. ಕಾಕಾ ಎದ್ದು ನಿಂತು, ಈಗ ತೆಲುಗಿನಲ್ಲಿಯೇ, "ಕಲ್ಲು ಕಾದು ಸಾರ್, ರಾಯಿ, ರಾಯಿ" ಎಂದರು. ಹೆಂಡವಲ್ಲ ಸಾರ್, ಕಲ್ಲು ಎಂದು.

"ಇಪ್ಪುಡು ಕಲ್ಲು ರಾಯಿ ಅಯಿಪೋಯಿಂದಾ?" ಎಂದು ಮ್ಯಾನೇಜರ್ ನಕ್ಕ. ಈಗ ಹೆಂಡ ಕಲ್ಲಾಗಿಬಿಟ್ಟಿತೇ ಎಂದು. ಸುತ್ತ ನಿಂತವರೂ ನಕ್ಕರು. "ಕೈಬ್ರೇಕು ಇರುವ ಗಾಡಿಗೆ ರಾಯಿ ಯಾತಕ್ಕೆ?" ಎಂದು ಕೇಳಿದ.

ಅದೊಂದು ಒಳ್ಳೆಯ ಪ್ರಶ್ನೆ. ಅವನು ತನ್ನ ಜನ್ಮದಲ್ಲಿ ಕೇಳಿದ ಒಂದೇ ಒಳ್ಳೆಯ ಪ್ರಶ್ನೆ ಇರಬೇಕು. ಕಾಕಾ ಉತ್ತರ ಹೇಳಲು ಬಾಯಿ ತೆರೆದರು. ಆಮೇಲೆ ನನ್ನ ಮುಖ ನೋಡಿದರು. ನೋಡಿ, ಬಾಯಿ ಮುಚ್ಚಿದರು. ಶಾಫ್ಟಿನ ಮಾತು ಹೇಳದೆ ಕಲ್ಲಿನ ಮಾತು ಹೇಳಲು ಬರುತ್ತಿರಲಿಲ್ಲ, ಶಾಫ್ಟಿನ ಮಾತು ಹೇಳುವುದಿಲ್ಲವೆಂದು ಅವರು ಮಾಲೆ ಮುಟ್ಟಿ ನನಗೆ ಹೇಳಿದ್ದರು.

ಮ್ಯಾನೇಜರ್ ನನ್ನತ್ತ ತಿರುಗಿದ. "ಮೀ ಭಾಷೇ ಕದಾ. ಮೀರೇ ಚೆಪ್ಪಂಡಿ. ಈಯನ ಕಲ್ಲು ಅಡಿಗಾಡಾ, ಲೇದಾ?"

ನಿಮ್ಮದೇ ಭಾಷೆಯಲ್ಲವೇ, ನೀವೇ ಹೇಳಿ, ಈತ ಕಲ್ಲು ಕೇಳಿದನೋ ಇಲ್ಲವೋ. ಒಂದೇ ಮಾತಿನಲ್ಲಿ ಎಲ್ಲ ಬಗೆಹರಿಯುತ್ತಿತ್ತು. ನಮ್ಮಲ್ಲಿ ಕಲ್ಲು ಎಂದರೆ ರಾಯಿ ಸಾರ್ ಎಂದರೆ ಸಾಕಿತ್ತು. ಆದರೆ ಆ ಮಾತಿನ ಹಿಂದೆಯೇ ಯಾತಕ್ಕೆ ಎಂಬ ಪ್ರಶ್ನೆ ನಿಂತಿತ್ತು, ಅದರ ಹಿಂದೆ ಗೋಣಿಚೀಲ, ಅದರ ಹಿಂದೆ ನನ್ನ ಸಹಿಯಿರುವ ನಾಲ್ಕು ತಿಂಗಳ ಲಾಗ್ ಶೀಟು. ಗಟ್ಟಿ ನೌಕರಿ ಬಿಟ್ಟು ಬಂದವನಿಗೆ ಈ ಜುಟ್ಟಿನ ಹೂವೂ ಹೋದರೆ ದಿಲ್‌ಸುಖ್‌ನಗರದ ಓಣಿಯಲ್ಲಿ ಮುಖ ತೋರಿಸುವುದು ಹೇಗೆ? ಇಷ್ಟನ್ನೂ ನಾನು ಯೋಚಿಸಿದೆ. ಯೋಚಿಸದೆ ಬಾಯಿಗೆ ಬಂತು ಎಂದು ಹೇಳಿದರೆ ಸುಳ್ಳಾಗುತ್ತದೆ.

"ಅಡಿಗಾಡು ಸಾರ್" ಎಂದೆ. ಕೇಳಿದ ಸಾರ್.

ಕೋರ್ಟಿನಲ್ಲಿ ಹೇಳಿದರೂ ನಿಲ್ಲುವ ಮಾತು ಅದು. ಕಾಕಾ ಕಲ್ಲು ಕೇಳಿದ್ದರು, ಇಡೀ ಅಂಗಳ ಕೇಳಿಸಿಕೊಂಡಿತ್ತು. ನಾನು ಒಂದಕ್ಷರವೂ ಸುಳ್ಳು ಹೇಳಲಿಲ್ಲ. ಗಾಜಿನ ಕಟ್ಟಡದವರನ್ನೂ ಮೂರು ದಿನದ ತರಬೇತಿಯವರನ್ನೂ ಇಷ್ಟು ಹೊತ್ತು ಹೀಯಾಳಿಸಿದೆನಲ್ಲ, ಅವರಲ್ಲಿ ಒಬ್ಬನಿಗೂ ಇಂಥ ಅಚ್ಚುಕಟ್ಟಾದ ನೀಚತನ ಬರುತ್ತಿರಲಿಲ್ಲ. ಅದಕ್ಕೆ ಎರಡು ಭಾಷೆ ಬಲ್ಲವನೇ ಬೇಕು.

ಕಾಕಾ ಹೊಸ ಸಮವಸ್ತ್ರದ ಅಂಗಿಯನ್ನು ಅಲ್ಲಿಯೇ ಬಿಚ್ಚಿ, ಮಡಿಸಿ, ಗಾಡಿಯ ಬಾನೆಟ್ಟಿನ ಮೇಲಿಟ್ಟು ಬನಿಯನ್ನಿನಲ್ಲಿ ಗೇಟಿನ ಕಡೆ ನಡೆದರು. ಮರುದಿನ ಆ ಗೇಟಿನ ನೋಟಿಸ್ ಬೋರ್ಡಿನಲ್ಲಿ ಕಾಗದ ಅಂಟಿಸಿದರು: ಕೆಲಸದ ವೇಳೆಯಲ್ಲಿ ಮದ್ಯ ಕೇಳಿದ ಚಾಲಕನನ್ನು ವಜಾ ಮಾಡಲಾಗಿದೆ. ಮುಂದಿನ ವಾರವೇ ಉತ್ತರದ ವ್ಯಾಪಾರಿಯಿಂದ ಜಾಯಿಂಟ್ ಬಂತು. ಶಾಫ್ಟುಗಳನ್ನು ಹಾಕಿದೆವು. ಗಾಡಿ ಮತ್ತೆ ನಾಲ್ಕೂ ಚಕ್ರದ ಗಾಡಿಯಾಯಿತು. ನಾನು ಲಾಗ್ ಶೀಟಿನಲ್ಲಿ ‘ಸರಿಯಾಗಿದೆ’ ಎಂದು ಬರೆದೆ; ಆ ಸಲ ಅದು ನಿಜವಾಗಿತ್ತು.

ಗಾಡಿಯ ಸೀಟಿನ ಹಿಂದೆ ಕಾಕಾನ ಕಂಬಳಿ ಉಳಿದಿತ್ತು. 'ಯಾರ ಕೈಯಲ್ಲಾದರೂ ಕಳಿಸಿದರಾಯಿತು' ಎಂದು ಒಂದು ತಿಂಗಳು ತಳ್ಳಿದೆ. ಆಮೇಲೆ ನಾನೇ ಮಲ್ಕಾಜ್‌ಗಿರಿಗೆ ಹೋದೆ. ಬಾಗಿಲು ತೆರೆದವರು ಅವರ ಹೆಂಡತಿ, ನಮ್ಮ ಕಾಕು. ನನ್ನ ಕೈಯಲ್ಲಿದ್ದ ಕಂಬಳಿ ನೋಡಿ ಗುರುತು ಹಿಡಿದರು. ಒಳಗೆ ಕರೆದು ಚಹಾ ಕೊಟ್ಟರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

"ನೌಕರಿ ಹೋದದ್ದು ಹೋಗ್ಲಿ ಬಿಡ್ರಿ, ಇನ್ನೊಂದು ಸಿಗತೈತಿ" ಎಂದರು ಕಾಕು. "ಆದ್ರ ಆ ಗೇಟಿನ್ಯಾಗ ಇದ್ದವರೊಬ್ರು ನಮ್ಮ ಮಂಡಳಿಯವರ ಅಳಿಯರಂತ. ಬೋರ್ಡಿನ ಕಾಗದ ಓದಿ ಬಂದು ಇಲ್ಲಿ ಹೇಳ್ಯಾರ. ಮಾಲಿ ಹಾಕ್ಕೊಂಡು ಹೆಂಡ ಕುಡಿತಾನಂತ ಇವರ ಕೈಯಾಗಿನ ತಾಳ ಇಸಕೊಂಡಾರ್ರಿ. ಈಗ ಗುರುವಾರ ಬಂದ್ರ ಗ್ವಾಡಿ ಕಡೆ ಮುಖ ಮಾಡಿ ಮಲಗ್ತಾರ."

ಕಾಕಾ ಮೂಲೆಯಲ್ಲಿ ಕೂತಿದ್ದರು. ಬೆರಳುಗಳು ತೊಡೆಯ ಮೇಲೆ ಸುಮ್ಮನೆ ಬಿದ್ದಿದ್ದವು. ಕಂಪನಿಯಲ್ಲಿ ಮಾತಾಡಿ ನೋಡುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು.

"ಕಂಪನಿ ಬ್ಯಾಡ್ರಿ ಸಾಹೇಬ್ರ. ಶಾಫ್ಟಿನ ಮಾತೂ ಬ್ಯಾಡ. ಮಂಡಳಿಯವ್ರು ಅರ್ಧಕ್ಕರ್ಧ ತೆಲುಗಿನವ್ರು, ಉಳಿದವ್ರು ಮರಾಠಿಯವ್ರು. ನಾ ಹೇಳಿದ್ರ ಕುಡುಕನ ಮಾತು ಅಂತಾರ. ನೀವು ಓದಿದವ್ರು. ಏಕಾದಶಿ ದಿನ ಬಂದು, ಕನ್ನಡದಾಗ ಕಲ್ಲು ಅಂದ್ರ ರಾಯಿ ಅಂತ ಒಂದು ಮಾತು ಹೇಳ್ರಿ. ಸಾಕು."

ಅಷ್ಟೇ ಅವರು ಕೇಳಿದ್ದು. ಇದಕ್ಕಿಂತ ಸೋವಿಯಾಗಿ ಪಾಪ ತೊಳೆದುಕೊಳ್ಳುವ ಅವಕಾಶ ಯಾರಿಗೆ ಸಿಗುತ್ತದೆ? ಹೋದೆ. ಏಕಾದಶಿಯ ಸಂಜೆ, ಕ್ವಾರ್ಟರ್ಸಿನ ಸಣ್ಣ ಗುಡಿಯಲ್ಲಿ ಮೂವತ್ತು ಜನ ಕೂತಿದ್ದರು. ಕಾಕಾ ಹೊರಗೆ ಚಪ್ಪಲಿಗಳ ಹತ್ತಿರ ನಿಂತಿದ್ದರು. ನಾನು ಎದ್ದು ನಿಂತು, ಒಗೆದು ಇಸ್ತ್ರಿ ಮಾಡಿದ ತೆಲುಗಿನಲ್ಲಿ ಎಲ್ಲ ಹೇಳಿದೆ. ಗಾಡಿ ಏರಿನ ಮೇಲಿತ್ತು, ಇವರು ಚಕ್ರಕ್ಕೆ ಇಡಲು ಕಲ್ಲು ಕೇಳಿದರು, ನಮ್ಮ ಭಾಷೆಯಲ್ಲಿ ಕಲ್ಲು ಎಂದರೆ ರಾಯಿ, ಮ್ಯಾನೇಜರ್ ತಪ್ಪು ತಿಳಿದ. ಜನ ಮೊದಲು ನಕ್ಕರು, ಆಮೇಲೆ ಅಯ್ಯೋ ಎಂದರು. ಒಬ್ಬರು ತಾಳದ ಜೋಡಿಯನ್ನು ತಂದು ಕಾಕಾನ ಕೈಗಿಟ್ಟು ಒಳಗೆ ಕರೆದರು.

ನನಗೆ ಹಗುರವಾಯಿತು. ಹೊರಡೋಣ ಎಂದುಕೊಳ್ಳುವಷ್ಟರಲ್ಲಿ ಮಂಡಳಿಯ ಹಿರಿಯರು, ರೈಲ್ವೆಯಲ್ಲಿ ಗಾರ್ಡ್ ಆಗಿ ನಿವೃತ್ತರಾದವರು, ಕನ್ನಡಕ ಸರಿಮಾಡಿಕೊಂಡು ಕೇಳಿದರು. ಕೇಳಿದ ದನಿಯಲ್ಲಿ ಆಕ್ಷೇಪವೇನೂ ಇರಲಿಲ್ಲ, ಬರೀ ಕುತೂಹಲ.

"ಎರಡೂ ಭಾಷೆ ಗೊತ್ತಿರುವವರು ನೀವು. ಈ ಮಾತು ಆ ದಿನವೇ ಯಾಕೆ ಹೇಳಲಿಲ್ಲ?"

ಮೂವತ್ತು ಮುಖಗಳು ನನ್ನನ್ನು ನೋಡಿದವು.

"ಆ ದಿನ ನಾನು ಅಲ್ಲಿರಲಿಲ್ಲ" ಎಂದೆ.

ಹಿರಿಯರು ಕಾಕಾನ ಕಡೆ ನೋಡಿದರು. ಆ ದಿನ ನಾನು ಕಾಕಾನಿಂದ ಎರಡು ಮಾರು ದೂರದಲ್ಲಿ ನಿಂತಿದ್ದೆ. ಕಾಕಾ ತಾಳದ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ತಲೆ ಎತ್ತಲಿಲ್ಲ.

"ಹೌದ್ರಿ" ಎಂದರು. "ಸಾಹೇಬ್ರು ಆ ದಿನ ಇದ್ದಿದ್ದಿಲ್ಲ."

ಅವರ ಬಾಯಿಂದ ನಾನು ಕೇಳಿದ ಸುಳ್ಳು ಅದೊಂದೇ.